ಅರಸಿಯ ಆಳ್ವಿಕೆ: ಕಣಜದ ಗೂಡಿನಲ್ಲಿ ಹಾರ್ಮೋನು ಮತ್ತು ವರ್ತನೆಗಳ ಅಧ್ಯಯನದ ಇತಿಹಾಸ

ಇಂದಿನ ವಿಜಯನಗರ ಜಿಲ್ಲೆಯ ಹರಪನಹಳ್ಳಿ ತಾಲ್ಲೂಕಿಗೆ ಸೇರಿದ, ಹಾಸನ ಸೀಮೆಯ ಪ್ರಸಿದ್ಧ ಅರಸೀಕೆರೆಯಿಂದ ಬೇರೆಯಾದ, ಅರಸೀಕೆರೆ ಎಂಬ ಊರಿನಲ್ಲಾಗಲಿ, ಅದರ ಸುತ್ತಣ ಕೊಟ್ಟೂರು, ಕೂಡ್ಲಿಗಿ, ಹಡಗಲಿ, ಹಗರಿಬೊಮ್ಮನಹಳ್ಳಿಗಳ ಸೀಮೆಯಲ್ಲಾಗಲಿ, ಹಳೆಯ ಕಟ್ಟಡದ ಕಿಟಕಿಯ ಮೂಲೆಯಲ್ಲಿ ಕಾಗದದಂತಹ ಚಿಕ್ಕ ಗೂಡೊಂದು ತೊಟ್ಟಿನಿಂದ ತೂಗುತ್ತಿರುವುದು ಅಪರೂಪದ ನೋಟವೇನಲ್ಲ. ಅದರಲ್ಲಿ ವಾಸಿಸುವ ಹುಳುವನ್ನು ಜನರು ಕಣಜವೆಂದೂ ಕೆಲವೆಡೆ ಕಡಜವೆಂದೂ ಕರೆಯುತ್ತಾರೆ. ಕಚ್ಚೀತೆಂಬ ಭಯದಿಂದ ಗೂಡನ್ನು ಹೊಗೆಯಿಟ್ಟೋ ಕೋಲಿನಿಂದ ಬಡಿದೋ ಕೆಡವಿಬಿಡುವುದು ವಾಡಿಕೆ. ಕೆಡವುವ ಮೊದಲು ಒಂದು ಗಳಿಗೆ ದೂರದಲ್ಲಿ ನಿಂತು ನೋಡಿದವರಿಗೆ ಕೆಲವು ಕಣಜಗಳು ಹೊರಗೆ ಹೋಗಿ ಬರುತ್ತಿರುವುದೂ, ಕೆಲವು ಒಂದನ್ನೊಂದು ತುಳಿದು ಕಚ್ಚುತ್ತಿರುವುದೂ, ಮತ್ತೆ ಕೆಲವು ಏನೂ ಮಾಡದೆ ಸುಮ್ಮನೆ ಕುಳಿತಿರುವುದೂ ಕಾಣುತ್ತದೆ. ಊರಿನ ಹೆಸರಿನಲ್ಲಿ ಕೇಳಿಬರುವ ‘ಅರಸಿ’ ಈ ಗೂಡಿನಲ್ಲಿಯೂ ಒಬ್ಬಳಿದ್ದಾಳೆ. ಆಕೆ ಯಾರು, ಆಕೆಯ ಆಳ್ವಿಕೆ ಯಾವ ಬಲದಿಂದ ನಡೆಯುತ್ತದೆ ಎಂಬ ಪ್ರಶ್ನೆಯನ್ನು ಹಿಡಿದು ನಮ್ಮ ನಾಡಿನ ವಿಜ್ಞಾನಿಯೊಬ್ಬರು ನಾಲ್ಕು ದಶಕಗಳಿಗೂ ಮೀರಿ ದುಡಿದಿದ್ದಾರೆ.

ಆ ವಿಜ್ಞಾನಿ ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದ ಪ್ರಾಧ್ಯಾಪಕ ರಾಘವೇಂದ್ರ ಗದಗಕರ್ ಅವರು. ಅವರ ಜೀವನಚರಿತ್ರೆಯನ್ನು ಬರೆಯುವುದಾಗಲಿ, ಅವರಿಗೆ ಸಂದ ಗೌರವಗಳನ್ನು ಎಣಿಸುವುದಾಗಲಿ ಈ ಪ್ರಬಂಧದ ಉದ್ದೇಶವಲ್ಲ. ಪ್ರಾಣಿಯ ವರ್ತನೆಯನ್ನು ಹಾರ್ಮೋನು ಎಷ್ಟರಮಟ್ಟಿಗೆ ನಿರ್ಧರಿಸುತ್ತದೆ ಎಂಬ ದೊಡ್ಡ ಪ್ರಶ್ನೆಗೆ ಕಿಟಕಿಯ ಕಣಜವು ಕೊಟ್ಟ ಉತ್ತರವು ಹೇಗೆ ಹಂತಹಂತವಾಗಿ ಲಭಿಸಿತು ಎಂಬುದನ್ನು ಇಲ್ಲಿ ನಾವು ನಿರೂಪಿಸಬೇಕೆಂದಿದ್ದೇವೆ. ಒಂದೇ ಹಾರ್ಮೋನು ಬೇರೆ ಬೇರೆ ಜೀವಿಗಳಲ್ಲಿ ಬೇರೆ ಬೇರೆ ಕಾರ್ಯಗಳಿಗೆ ನಿಯುಕ್ತವಾಗಿರುತ್ತದೆ. ಯಾವುದಕ್ಕೆ ನಿಯುಕ್ತವಾಗಿದೆ ಎಂಬುದು ಆ ಜೀವಿಯನ್ನೇ ನೋಡಿದ ಹೊರತು ತಿಳಿಯದು ಎಂಬುದು ಈ ಇತಿಹಾಸದಿಂದ ನಾವು ತೆಗೆಯುವ ಮುಖ್ಯ ನಿರ್ಣಯ.

ಮೊದಲು ಪ್ರಶ್ನೆಯ ಪೂರ್ವೇತಿಹಾಸವನ್ನು ಸಂಕ್ಷೇಪವಾಗಿ ಗಮನಿಸಬೇಕು. ೧೮೪೯ರಲ್ಲಿ ಜರ್ಮನಿಯ ಗ್ಯೋಟಿಂಗೆನ್ನಿನಲ್ಲಿ ಆರ್ನಾಲ್ಡ್ ಬೆರ್ತೋಲ್ಡ್ ಎಂಬ ಶರೀರಶಾಸ್ತ್ರಜ್ಞನು ಎಳೆಯ ಹುಂಜಗಳ ವೃಷಣಗಳನ್ನು ತೆಗೆದು, ಕೆಲವಕ್ಕೆ ಅವನ್ನು ದೇಹದ ಬೇರೊಂದು ಎಡೆಯಲ್ಲಿ ಮತ್ತೆ ನೆಟ್ಟನು. ವೃಷಣವನ್ನು ಮರಳಿ ಪಡೆದ ಹುಂಜಗಳು ಎಂದಿನಂತೆ ಕೂಗಿದುವು, ಕಾದಾಡಿದುವು. ಉಳಿದವು ಆ ಸ್ವಭಾವವನ್ನು ಕಳೆದುಕೊಂಡವು. ನರಗಳ ಹಳೆಯ ಸಂಬಂಧ ಕಡಿದಿದ್ದರೂ ವರ್ತನೆ ಉಳಿಯಿತಾದ್ದರಿಂದ, ರಕ್ತದ ಮೂಲಕ ಹರಿಯುವ ಯಾವುದೋ ದ್ರವ್ಯವೇ ಇದಕ್ಕೆ ಕಾರಣವಾಗಿರಬೇಕೆಂದು ಆತನು ಊಹಿಸಿದನು. ಇಂತಹ ದ್ರವ್ಯಗಳಿಗೆ ಇಂಗ್ಲೆಂಡಿನ ಅರ್ನೆಸ್ಟ್ ಸ್ಟಾರ್ಲಿಂಗ್ ‘ಹಾರ್ಮೋನು’ ಎಂಬ ಹೆಸರನ್ನು ಬಳಕೆಗೆ ತಂದುದು ೧೯೦೫ರಲ್ಲಿ. ೧೯೪೮ರಲ್ಲಿ ಅಮೆರಿಕದ ಫ್ರ್ಯಾಂಕ್ ಬೀಚ್ ಹಾರ್ಮೋನುಗಳನ್ನೂ ವರ್ತನೆಯನ್ನೂ ಕುರಿತು ಒಂದು ಸಮಗ್ರ ಗ್ರಂಥವನ್ನು ಪ್ರಕಟಿಸಿದ ಮೇಲೆ ಈ ಅಧ್ಯಯನವು ಒಂದು ಸ್ವತಂತ್ರ ಶಾಖೆಯ ಸ್ವರೂಪವನ್ನು ಪಡೆಯಿತು.

ಕೀಟಗಳಿಗೆ ಸಂಬಂಧಿಸಿದ ಅಧ್ಯಾಯವು ಇದಕ್ಕೆ ಸ್ವಲ್ಪ ಮೊದಲೇ ತೆರೆದಿತ್ತು. ೧೯೩೦ರ ದಶಕದಲ್ಲಿ ವಿಗಲ್ಸ್‌ವರ್ತ್ ಎಂಬ ಆಂಗ್ಲ ವಿಜ್ಞಾನಿ ರಕ್ತ ಹೀರುವ ರೋಡ್ನಿಯಸ್ ತಿಗಣೆಯ ಮಿದುಳಿನ ಹಿಂದಿರುವ ಒಂದು ಪುಟ್ಟ ಗ್ರಂಥಿಯನ್ನು ಪರೀಕ್ಷಿಸಿ, ಅದರ ಸ್ರಾವವಿರುವವರೆಗೆ ಮರಿ ತಿಗಣೆಯು ಮರಿಯಾಗಿಯೇ ಉಳಿಯುತ್ತದೆ ಎಂದು ತೋರಿಸಿದನು. ಜುವೆನೈಲ್ ಹಾರ್ಮೋನು, ಅಂದರೆ ಎಳೆತನದ ಹಾರ್ಮೋನು, ಎಂಬ ಹೆಸರು ಬಂದುದು ಹೀಗೆ. ಆದರೆ ಬೆಳೆದ ಹೆಣ್ಣು ತಿಗಣೆಯಲ್ಲಿ ಮೊಟ್ಟೆಗಳು ಬಲಿಯಬೇಕಾದರೂ ಅದೇ ಗ್ರಂಥಿ ಬೇಕೆಂಬುದು ಆತನ ಪ್ರಯೋಗಗಳಿಂದಲೇ ಗೊತ್ತಾಯಿತು. ಎಳೆತನವನ್ನು ಕಾಯುವ ದ್ರವ್ಯವೇ ತಾಯ್ತನಕ್ಕೂ ನೆರವಾಗುವ ಈ ಸಂಗತಿಯನ್ನು ಓದುಗರು ನೆನಪಿನಲ್ಲಿಡಬೇಕೆಂದು ಕೋರುತ್ತೇವೆ. ೧೯೫೬ರಲ್ಲಿ ಕ್ಯಾರೊಲ್ ವಿಲಿಯಮ್ಸ್ ಈ ಹಾರ್ಮೋನಿನ ಸತ್ತ್ವವನ್ನು ಒಂದು ಬಗೆಯ ರೇಷ್ಮೆ ಪತಂಗದಿಂದ ಬೇರ್ಪಡಿಸಿದನು. ೧೯೬೭ರಲ್ಲಿ ಅದರ ರಾಸಾಯನಿಕ ರಚನೆ ನಿಶ್ಚಿತವಾಯಿತು.

ಗುಂಪಾಗಿ ಬಾಳುವ ಕೀಟಗಳಲ್ಲಿ ಇದೇ ಪ್ರಶ್ನೆ ಇನ್ನಷ್ಟು ಜಟಿಲವಾಗುತ್ತದೆ. ಅಲ್ಲಿ ಮೊಟ್ಟೆಯಿಡುವವಳು ಸಾಮಾನ್ಯವಾಗಿ ಒಬ್ಬಳೇ. ಉಳಿದ ಹೆಣ್ಣುಗಳು ಅವಳ ಮರಿಗಳನ್ನು ಸಾಕುತ್ತವೆ. ೧೯೪೦ರ ದಶಕದಲ್ಲಿ ಇಟಲಿಯ ಲಿಯೊ ಪಾರ್ಡಿ ಪೋಲಿಸ್ಟಿಸ್ ಜಾತಿಯ ಕಾಗದದ ಕಣಜಗಳನ್ನು ಪರಿಶೀಲಿಸಿ, ಅವುಗಳಲ್ಲಿ ಕಾದಾಟದಿಂದ ಮೇಲು ಕೀಳುಗಳ ಶ್ರೇಣಿಯೊಂದು ಏರ್ಪಡುವುದೆಂದೂ, ಮೇಲಿನ ಪಟ್ಟವನ್ನು ಗೆದ್ದವಳೇ ರಾಣಿಯಾಗುವಳೆಂದೂ ಸ್ಥಾಪಿಸಿದನು. ೧೯೭೫ರಲ್ಲಿ ಅಮೆರಿಕದ ಸಂಶೋಧಕರು ಪೋಲಿಸ್ಟಿಸ್ ಕಣಜಗಳಿಗೆ ಜುವೆನೈಲ್ ಹಾರ್ಮೋನನ್ನು ಕೊಟ್ಟಾಗ ಅವುಗಳ ಅಂಡಾಶಯವೂ ಬೆಳೆಯಿತು, ದರ್ಪವೂ ಹೆಚ್ಚಿತು. ಇತ್ತ ಜೇನಿನ ಕತೆ ಬೇರೆಯಾಗಿತ್ತು. ೧೯೫೪ರಲ್ಲಿ ಕಾಲಿನ್ ಬಟ್ಲರ್ ಜೇನುರಾಣಿಯ ಮೈಯಿಂದ ಹೊರಡುವ ಒಂದು ದ್ರವ್ಯವೇ ಕೆಲಸಗಾರ ಜೇನುಗಳನ್ನು ಬಂಜೆಯಾಗಿಡುತ್ತದೆಂದು ತಿಳಿಸಿದನು. ಒಂದು ಜೀವಿಯ ಮೈಯಿಂದ ಹೊರಬಿದ್ದು ಅದೇ ಜಾತಿಯ ಇನ್ನೊಂದು ಜೀವಿಯ ಮೇಲೆ ಪರಿಣಾಮ ಮಾಡುವ ಇಂತಹ ದ್ರವ್ಯಕ್ಕೆ ೧೯೫೯ರಲ್ಲಿ ‘ಫೆರೊಮೋನು’ ಎಂಬ ಹೆಸರಾಯಿತು. ಜೇನಿನಲ್ಲಿ ಜುವೆನೈಲ್ ಹಾರ್ಮೋನು ಮೊಟ್ಟೆಯ ಕೆಲಸವನ್ನು ಬಹುಮಟ್ಟಿಗೆ ಬಿಟ್ಟುಕೊಟ್ಟು, ಗೂಡಿನೊಳಗಣ ಕೆಲಸದಿಂದ ಮಕರಂದ ತರುವ ಹೊರಗಿನ ಕೆಲಸಕ್ಕೆ ಜೇನುಹುಳು ಯಾವಾಗ ಬಡ್ತಿ ಪಡೆಯಬೇಕೆಂಬುದನ್ನು ನಿಯಂತ್ರಿಸುತ್ತದೆಂದು ೧೯೮೦ರ ದಶಕದ ಪ್ರಯೋಗಗಳು ತೋರಿಸಿದವು.

ಹೀಗೆ ಪಠ್ಯಪುಸ್ತಕಗಳಲ್ಲಿ ಒಂದು ಅಚ್ಚುಕಟ್ಟಾದ ಚಿತ್ರ ನೆಲೆಗೊಂಡಿತು. ರಾಣಿಗೂ ಕೆಲಸಗಾರರಿಗೂ ಆಕಾರದಲ್ಲಿ ಭೇದವಿಲ್ಲದ ಚಿಕ್ಕ ಸಮಾಜಗಳಲ್ಲಿ ರಾಣಿಯು ಬಲಾತ್ಕಾರದಿಂದ ಆಳುತ್ತಾಳೆ. ಅದರ ಹಿಂದೆ ಜುವೆನೈಲ್ ಹಾರ್ಮೋನಿದೆ. ಸಾವಿರಾರು ಹುಳುಗಳ ದೊಡ್ಡ ಸಮಾಜಗಳಲ್ಲಿ ಆಕೆ ಫೆರೊಮೋನಿನಿಂದ ಆಳುತ್ತಾಳೆ. ಅಲ್ಲಿ ಹಾರ್ಮೋನಿಗೆ ಬೇರೆ ಉದ್ಯೋಗ. ನಮ್ಮ ಕಿಟಕಿಯ ಕಣಜವು ಈ ಚಿತ್ರದೊಳಗೆ ಒಗ್ಗಲಿಲ್ಲ ಎಂಬುದರಲ್ಲಿಯೇ ಮುಂದಿನ ಇತಿಹಾಸದ ಸ್ವಾರಸ್ಯವಿದೆ.

ಗದಗಕರ್ ಅವರು ೧೯೫೩ರಲ್ಲಿ ಕಾನ್ಪುರದಲ್ಲಿ ಜನಿಸಿದರು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರವನ್ನು ವ್ಯಾಸಂಗ ಮಾಡುತ್ತಿದ್ದಾಗ ಆ ವಿಭಾಗದ ಕಿಟಕಿಗಳಲ್ಲಿ ತೂಗುತ್ತಿದ್ದ ರೊಪಾಲಿಡಿಯ ಕಣಜಗಳ ಗೂಡುಗಳು ಅವರ ಕಣ್ಣಿಗೆ ಬಿದ್ದವು. ಆದರೆ ಅವರು ವಿಜ್ಞಾನ ಮಂದಿರದಲ್ಲಿ ೧೯೭೯ರಲ್ಲಿ ಪಡೆದ ಡಾಕ್ಟರೇಟ್ ಪದವಿಯು ಅಣುಜೀವಶಾಸ್ತ್ರಕ್ಕೆ, ಬ್ಯಾಕ್ಟೀರಿಯಗಳನ್ನು ಆಕ್ರಮಿಸುವ ವೈರಸ್ಸೊಂದರ ಅಧ್ಯಯನಕ್ಕೆ ಸಂಬಂಧಿಸಿದುದು. ಹಗಲು ಪ್ರಯೋಗಶಾಲೆಯ ಕೆಲಸ, ಬಿಡುವಿನಲ್ಲಿ ಕಣಜಗಳ ವೀಕ್ಷಣೆ, ಹೀಗೆ ಎರಡು ಅಭ್ಯಾಸಗಳೂ ಜೊತೆಯಾಗಿ ನಡೆದವು. ಪದವಿ ದೊರೆತ ಮೇಲೆ, ಅಂದಿನ ದಿನಗಳಲ್ಲಿ ಹೆಚ್ಚು ಪ್ರತಿಷ್ಠೆಯಿದ್ದ ಅಣುಜೀವಶಾಸ್ತ್ರವನ್ನು ಬಿಟ್ಟು ಅವರು ಬಿಡುವಿನ ಹವ್ಯಾಸವನ್ನೇ ವೃತ್ತಿಯಾಗಿ ಆರಿಸಿಕೊಂಡರು. ಮಾಧವ ಗಾಡ್ಗೀಳರು ವಿಜ್ಞಾನ ಮಂದಿರದಲ್ಲಿ ಕಟ್ಟುತ್ತಿದ್ದ, ೧೯೮೩ರಲ್ಲಿ ಪರಿಸರ ವಿಜ್ಞಾನ ಕೇಂದ್ರವಾಗಿ ರೂಪುಗೊಂಡ, ತಂಡವು ಅವರಿಗೆ ಆಶ್ರಯವಾಯಿತು.

ಈ ಸಂಶೋಧನೆಯ ಮೊದಲ ಹೆಜ್ಜೆಯಲ್ಲಿ ಹಾರ್ಮೋನಿನ ಪ್ರಸ್ತಾಪವೇ ಇರಲಿಲ್ಲ. ಪ್ರತಿಯೊಂದು ಕಣಜದ ಮೈಮೇಲೆ ಬೇಗ ಒಣಗುವ ಬಣ್ಣಗಳ ಚುಕ್ಕೆಯಿಟ್ಟು ಅದನ್ನು ಉಳಿದವುಗಳಿಂದ ಬೇರೆಯಾಗಿ ಗುರುತಿಸುವುದು. ಅನಂತರ ಗೊತ್ತಾದ ಕಾಲಕ್ರಮದಲ್ಲಿ, ಇಂತಹ ಕಣಜವು ಈ ನಿಮಿಷದಲ್ಲಿ ಏನು ಮಾಡುತ್ತಿದೆ ಎಂದು ಬರೆದುಕೊಳ್ಳುವುದು. ಎನ್. ವಿ. ಜೋಶಿಯವರೊಡನೆ ಸಂಖ್ಯಾಶಾಸ್ತ್ರದ ವಿಧಾನಗಳನ್ನು ಅನ್ವಯಿಸಿ ಗದಗಕರರು ೧೯೮೩ರಲ್ಲಿ ಪ್ರಕಟಿಸಿದ ಲೇಖನದಲ್ಲಿ ರೊಪಾಲಿಡಿಯ ಮಾರ್ಜಿನೇಟ ಜಾತಿಯ ಹೆಣ್ಣುಗಳು ಮೂರು ವರ್ಗಗಳಾಗಿ ವಿಂಗಡವಾದವು: ಕೂರುವವರು, ಕಾದುವವರು, ಆಹಾರ ತರುವವರು. ಆಕಾರದಲ್ಲಿ ಯಾವ ಭೇದವೂ ಕಾಣದ ಜೀವಿಗಳಲ್ಲಿ ವರ್ತನೆಯಿಂದಲೇ ವರ್ಗಗಳನ್ನು ಗುರುತಿಸಿದುದು ಇದರ ವೈಶಿಷ್ಟ್ಯ. ವಿಸ್ಮಯದ ಸಂಗತಿಯೆಂದರೆ, ರಾಣಿಯು ಕಾದುವವರ ಗುಂಪಿಗೆ ಸೇರಿರಲಿಲ್ಲ. ಸುಮ್ಮನೆ ಕೂರುವವರಲ್ಲಿ ಒಬ್ಬಳಾಗಿದ್ದಳು. ಇದೇ ಕುಲಕ್ಕೆ ಸೇರಿದ ರೊಪಾಲಿಡಿಯ ಸಯಾಥಿಫಾರ್ಮಿಸ್ ಎಂಬ ಇನ್ನೊಂದು ಜಾತಿಯಲ್ಲಿ ರಾಣಿಯು ಪಠ್ಯಪುಸ್ತಕವು ಹೇಳುವಂತೆಯೇ ಕಾದುವವಳು. ಒಂದೇ ಊರಿನಲ್ಲಿ ಬಾಳುವ ಎರಡು ಸೋದರ ಜಾತಿಗಳಲ್ಲಿ ಎರಡು ಬಗೆಯ ಅರಸುತನ!

ಸೌಮ್ಯಳಾದ ಈ ರಾಣಿಯು ನಿಜವಾಗಿಯೂ ಆಳುತ್ತಿದ್ದಾಳೆಯೇ? ಅದನ್ನು ತಿಳಿಯಲು ಆಕೆಯನ್ನು ಗೂಡಿನಿಂದ ತೆಗೆದು ನೋಡಲಾಯಿತು. ತೆಗೆದ ಕೆಲವೇ ನಿಮಿಷಗಳಲ್ಲಿ ಕೆಲಸಗಾರರಲ್ಲಿ ಒಬ್ಬಳು, ಒಬ್ಬಳು ಮಾತ್ರ, ಹಿಂದೆಂದೂ ತೋರದ ಉಗ್ರತೆಯಿಂದ ಉಳಿದವರ ಮೇಲೆ ಎರಗತೊಡಗಿದಳು. ರಾಣಿಯನ್ನು ಹಿಂದಿರುಗಿಸಿದರೆ ಆ ಉಗ್ರತೆ ಇಳಿಯಿತು. ಹಿಂದಿರುಗಿಸದೆ ಬಿಟ್ಟರೆ ದಿನದಿಂದ ದಿನಕ್ಕೆ ಉಗ್ರತೆ ಕಡಮೆಯಾಗಿ, ಸುಮಾರು ಒಂದು ವಾರದಲ್ಲಿ ಆಕೆ ಮೊಟ್ಟೆಯಿಡತೊಡಗಿ, ತಾನೂ ಸೌಮ್ಯಳಾದ ರಾಣಿಯಾದಳು. ಆದ್ದರಿಂದ ಈ ಜಾತಿಯಲ್ಲಿ ಕಾದಾಟವು ರಾಣಿತನದ ಗುರುತಾಗಿರದೆ, ರಾಣಿತನಕ್ಕೆ ಏರುವ ಮೆಟ್ಟಿಲು ಮಾತ್ರವಾಗಿದೆ. ಆ ಕೆಲವು ದಿನಗಳ ಉಗ್ರತೆಯು ಉಳಿದವರನ್ನು ಅಡಗಿಸಲೆಂದಲ್ಲದೆ ಆಕೆಯ ಸ್ವಂತ ಅಂಡಾಶಯವನ್ನು ಬೇಗ ಬೆಳೆಸಲು ನೆರವಾಗುತ್ತಿರಬಹುದೆಂದು ೨೦೦೭ರಲ್ಲಿ ಈ ತಂಡವು ಸೂಚಿಸಿತು. ಹಾರ್ಮೋನಿನಿಂದ ವರ್ತನೆ ಎಂಬ ರೂಢಿಯ ಕ್ರಮವನ್ನು ತಿರುಗಿಸಿ, ವರ್ತನೆಯಿಂದ ಶರೀರದ ಒಳಗಣ ಸ್ಥಿತಿ ಎಂದು ಓದುವ ಸಾಧ್ಯತೆ ಇಲ್ಲಿ ತೆರೆಯುತ್ತದೆ.

ಜುವೆನೈಲ್ ಹಾರ್ಮೋನಿನ ಪ್ರಯೋಗವು ನಡೆದುದು ಈ ಹಿನ್ನೆಲೆಯಲ್ಲಿ. ೨೦೦೩ರಲ್ಲಿ ಅಗ್ರಹರಿ ಮತ್ತು ಗದಗಕರ್ ಇದರ ಫಲಿತಾಂಶವನ್ನು ಪ್ರಕಟಿಸಿದರು. ಎರಡು ಪ್ರಶ್ನೆಗಳನ್ನು ಅವರು ಬೇರ್ಪಡಿಸಿ ಕೇಳಿದ್ದರು. ಹಾರ್ಮೋನನ್ನು ಮೈಮೇಲೆ ಲೇಪಿಸಿದರೆ ಅಂಡಾಶಯ ಬೇಗ ಬೆಳೆಯುವುದೇ? ಅದೇ ಲೇಪನದಿಂದ, ಜೇನಿನಲ್ಲಿ ಆಗುವಂತೆ, ಕಣಜವು ವಯಸ್ಸಿಗೆ ಮುಂಚೆ ಹೊರಗಿನ ಕೆಲಸಕ್ಕೆ ಹೋಗುವುದೇ? ಈ ಜಾತಿಯ ಕೆಲಸಗಾರರಲ್ಲಿಯೂ ವಯಸ್ಸಿಗೆ ತಕ್ಕ ಕಾರ್ಯವಿಭಾಗವುಂಟು: ಮೊದಲು ಮರಿಹುಳುಗಳಿಗೆ ಉಣಿಸುವುದು, ಬಳಿಕ ಗೂಡು ಕಟ್ಟುವುದು, ಅನಂತರ ಕಟ್ಟಲು ಬೇಕಾದ ನಾರನ್ನು ತರುವುದು, ಕೊನೆಗೆ ಆಹಾರವನ್ನು ತರುವುದು. ಲೇಪನದಿಂದ ಅಂಡಾಶಯದ ಬೆಳವಣಿಗೆಗೆ ವೇಗ ದೊರೆಯಿತು. ಕೆಲಸಗಳ ಸರದಿಯಲ್ಲಿ ಮಾತ್ರ ಯಾವ ವ್ಯತ್ಯಾಸವೂ ಆಗಲಿಲ್ಲ. ಅಂದರೆ ಈ ಕಣಜದಲ್ಲಿ ಹಾರ್ಮೋನು ವಿಗಲ್ಸ್‌ವರ್ತನ ತಿಗಣೆಯಲ್ಲಿದ್ದ ಪುರಾತನ ಉದ್ಯೋಗವನ್ನೇ ಉಳಿಸಿಕೊಂಡಿದೆ. ಜೇನಿನಲ್ಲಿ ಅದಕ್ಕೆ ವಹಿಸಲ್ಪಟ್ಟ ಹೊಸ ಉದ್ಯೋಗ ಇಲ್ಲಿ ಇನ್ನೂ ಅದರ ಪಾಲಿಗೆ ಬಂದಿಲ್ಲ. ಸಮಾಜವು ವಿಕಾಸಗೊಂಡಂತೆ ಹಾರ್ಮೋನಿನ ಅಧಿಕಾರವ್ಯಾಪ್ತಿ ಹೇಗೆ ಬದಲಾಯಿತೆಂಬುದಕ್ಕೆ ಇದೊಂದು ಅಮೂಲ್ಯ ಸಾಕ್ಷ್ಯ.

ಹಾಗಾದರೆ ರಾಣಿಯ ಆಳ್ವಿಕೆಯ ಬಲ ಎಲ್ಲಿದೆ? ಆಕೆ ಕೆಲಸಗಾರರನ್ನು ಮುಟ್ಟುವುದು ಬಹು ವಿರಳವಾದ್ದರಿಂದ, ಸ್ಪರ್ಶದಿಂದಲೇ ಎಲ್ಲರಿಗೂ ಆಕೆಯ ಇರವು ತಿಳಿಯುವುದು ಅಸಂಭವವೆಂದು ೨೦೦೭ರಲ್ಲಿ ಅನಿಂದಿತಾ ಭದ್ರಾ ಮತ್ತು ಸಂಗಡಿಗರು ಲೆಕ್ಕ ಹಾಕಿ ತೋರಿಸಿದರು. ಗೂಡನ್ನು ಎರಡು ಭಾಗ ಮಾಡಿ ನಡುವೆ ತಂತಿಯ ಜಾಲರಿಯನ್ನು ಇಟ್ಟಾಗ, ರಾಣಿಯಿಲ್ಲದ ಭಾಗದ ಕಣಜಗಳು ಆಚೆಯ ರಾಣಿಯನ್ನು ಅರಿಯಲಿಲ್ಲ. ಗಾಳಿಯಲ್ಲಿ ಹರಡುವ ವಾಸನೆಯಾಗಿದ್ದರೆ ಜಾಲರಿಯು ಅದನ್ನು ತಡೆಯುತ್ತಿರಲಿಲ್ಲ. ಆದ್ದರಿಂದ ಅದು ಗೂಡಿನ ಮೇಲ್ಮೈಗೆ ಹತ್ತಿಕೊಂಡಿರುವ, ಬೇಗ ಆವಿಯಾಗದ ದ್ರವ್ಯವಾಗಿರಬೇಕು. ರಾಣಿಯು ಆಗಾಗ ತನ್ನ ಹೊಟ್ಟೆಯ ತುದಿಯನ್ನು ಗೂಡಿಗೆ ಉಜ್ಜುವ ಅಭ್ಯಾಸವು ಈ ಊಹೆಗೆ ಪುಷ್ಟಿ ಕೊಟ್ಟಿತು. ೨೦೧೦ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಕೊಂಡಿಯ ಬಳಿಯಿರುವ ಡ್ಯೂಫೋರ್ ಗ್ರಂಥಿಯ ಸತ್ತ್ವವನ್ನು ರಾಣಿಯಿಂದ ತೆಗೆದು ರಾಣಿಯಿಲ್ಲದ ಗೂಡಿಗೆ ಹಚ್ಚಿದಾಗ, ಉಗ್ರಳಾಗಿದ್ದ ಭಾವಿ ರಾಣಿಯ ಆಕ್ರಮಣವು ರಾಣಿಯೇ ಮರಳಿದಳೋ ಎಂಬಂತೆ ತಗ್ಗಿತು. ಆ ಗ್ರಂಥಿಯಲ್ಲಿರುವ ಹೈಡ್ರೊಕಾರ್ಬನ್ನುಗಳ ಪ್ರಮಾಣವು ಅಂಡಾಶಯದ ಸ್ಥಿತಿಯೊಂದಿಗೆ ಹೊಂದಿ ಬದಲಾಗುತ್ತದೆಂದೂ ಮುಂದಿನ ಅಧ್ಯಯನಗಳಿಂದ ತಿಳಿದುಬಂದಿತು. ಅಲ್ಲಿಗೆ ರಾಣಿಯ ಮುದ್ರೆಯು ಆಜ್ಞೆಯೆನಿಸದೆ, ‘ಮೊಟ್ಟೆಯಿಡಲು ನಾನು ಸಮರ್ಥಳಾಗಿದ್ದೇನೆ’ ಎಂಬ ಸತ್ಯವಾದ ಪ್ರಕಟಣೆ ಎನಿಸುತ್ತದೆ.

ಈ ಸೌಮ್ಯ ಪ್ರಭುತ್ವದಲ್ಲಿ ಉತ್ತರಾಧಿಕಾರದ ಕಲಹವೂ ಇಲ್ಲ. ಯಾವ ಕೆಲಸಗಾರಳು ಮುಂದಿನ ರಾಣಿಯಾಗುವಳೆಂಬುದನ್ನು ಗಾತ್ರದಿಂದಾಗಲಿ, ಕಾದಾಟದ ಶ್ರೇಣಿಯಿಂದಾಗಲಿ ಸಂಶೋಧಕರು ಮುಂಚಿತವಾಗಿ ಹೇಳಲಾರದೆ ಹೋದರು. ಆದರೆ ಜಾಲರಿಯ ಪ್ರಯೋಗವನ್ನು ಚತುರವಾಗಿ ವಿಸ್ತರಿಸಿ, ಕಣಜಗಳಿಗೆ ಮಾತ್ರ ಅದು ಮೊದಲೇ ಗೊತ್ತಿರುತ್ತದೆಂದು ೨೦೦೮ರಲ್ಲಿ ಭದ್ರಾ ಮತ್ತು ಗದಗಕರ್ ತೋರಿಸಿದರು. ಗೊತ್ತಾದ ಉತ್ತರಾಧಿಕಾರಿಣಿಯನ್ನು ಉಳಿದವರು ಪ್ರತಿಭಟಿಸದೆ ಒಪ್ಪಿಕೊಂಡರು. ಕೆಲಸಗಾರರ ನಡುವೆ ದಿನನಿತ್ಯ ಕಾಣುವ ಕಚ್ಚಾಟಕ್ಕೆ ಬೇರೊಂದು ಅರ್ಥವಿದೆ: ಗೂಡಿಗೆ ಎಷ್ಟು ಆಹಾರ ಬೇಕೆಂಬ ಸೂಚನೆಯನ್ನು ಆಹಾರ ತರುವವರಿಗೆ ಮುಟ್ಟಿಸುವುದು ಅದರ ಪ್ರಯೋಜನವೆಂದು ತೋರುತ್ತದೆ. ನೋಡಿದ ಕೂಡಲೇ ಜಗಳವೆಂದು ನಾವು ತಿಳಿಯುವುದು ಅಲ್ಲಿ ಆಡಳಿತದ ಪತ್ರವ್ಯವಹಾರವಾಗಿರಬಹುದು. ಈ ಸಂಶೋಧನೆಯ ಮೊದಲ ಎರಡು ದಶಕಗಳ ಸಾರವನ್ನು ಗದಗಕರರು ೨೦೦೧ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಮುದ್ರಣಾಲಯವು ಹೊರತಂದ, ಈ ಒಂದೇ ಜಾತಿಯ ಕಣಜವನ್ನು ಕುರಿತ ಗ್ರಂಥದಲ್ಲಿ ಸಂಗ್ರಹಿಸಿದ್ದಾರೆ.

ಇಷ್ಟನ್ನು ನಿರೂಪಿಸಿದ ಮೇಲೆ ವಿಮರ್ಶೆಯ ಎರಡು ಮಾತುಗಳನ್ನು ಹೇಳುವುದು ಉಚಿತ. ಮೊದಲನೆಯದು, ಹೊರಗಿನಿಂದ ಲೇಪಿಸಿದ ಹಾರ್ಮೋನು ಏನು ಮಾಡಬಲ್ಲದು ಎಂಬುದನ್ನು ತೋರಿಸುವ ಪ್ರಯೋಗವು, ಸಹಜವಾದ ಗೂಡಿನಲ್ಲಿ ದೇಹದೊಳಗಿನ ಹಾರ್ಮೋನು ಏನು ಮಾಡುತ್ತಿದೆ ಎಂಬುದನ್ನು ತಾನಾಗಿಯೇ ಸಿದ್ಧಪಡಿಸುವುದಿಲ್ಲ. ಮೊದಲನೆಯದು ಸಾಮರ್ಥ್ಯದ ಮಾತು, ಎರಡನೆಯದು ವಾಸ್ತವದ ಮಾತು. ವಿದ್ಯಾರ್ಥಿಗಳು ಇವೆರಡನ್ನೂ ಬೆರೆಸಬಾರದು. ಎರಡನೆಯದು, ‘ರಾಣಿ’, ‘ಆಳ್ವಿಕೆ’, ‘ಉತ್ತರಾಧಿಕಾರ’ ಮುಂತಾದ ಪದಗಳು ಮನುಷ್ಯರ ಅರಮನೆಯಿಂದ ಎರವಲು ತಂದವು. ಪಾರ್ಡಿಯ ತರುವಾಯ ಬಂದವರು ಎಲ್ಲ ಚಿಕ್ಕ ಗೂಡುಗಳಲ್ಲಿಯೂ ಕ್ರೂರ ರಾಣಿಯನ್ನೇ ನಿರೀಕ್ಷಿಸುವಂತಾದುದರಲ್ಲಿ ಆ ಪದಗಳ ಪಾಲೂ ಇದ್ದೀತು. ಈಗ ಸಿಕ್ಕಿರುವ ಸೌಮ್ಯ ರಾಣಿಯಿಂದ ಮನುಷ್ಯರ ರಾಜ್ಯಕ್ಕೆ ನೀತಿಯನ್ನು ಕಲಿಯಹೊರಡುವುದೂ ಅಷ್ಟೇ ಅವಸರದ ಕೆಲಸವಾದೀತು.

ಕೊನೆಯದಾಗಿ, ಈ ಇತಿಹಾಸವು ನಮ್ಮ ಕಾಲೇಜುಗಳಿಗೆ ಸಂಬಂಧಿಸಿದ ಒಂದು ಪ್ರಶ್ನೆಯನ್ನು ಎತ್ತುತ್ತದೆ. ಬೆಲೆಬಾಳುವ ಉಪಕರಣಗಳಿಲ್ಲದ ಕಾರಣ ಸಂಶೋಧನೆ ನಮ್ಮಿಂದಾಗದು ಎಂಬ ಮಾತನ್ನು ತಾಲ್ಲೂಕು ಕೇಂದ್ರಗಳ ಅಧ್ಯಾಪಕರಿಂದ ನಾವು ಮೇಲಿಂದ ಮೇಲೆ ಕೇಳಿದ್ದೇವೆ. ನಾವೇ ಅದನ್ನು ಆಡಿದ್ದೇವೆ. ಗ್ರಂಥಿಯ ರಾಸಾಯನಿಕ ವಿಶ್ಲೇಷಣೆಗೆ ದೊಡ್ಡ ಪ್ರಯೋಗಶಾಲೆ ಬೇಕೆಂಬುದು ನಿಜ. ಆದರೆ ಆ ವಿಶ್ಲೇಷಣೆಗೆ ಅರ್ಥ ಬಂದುದು ಅದಕ್ಕೂ ಎರಡು ದಶಕಗಳ ಹಿಂದೆ ಬಣ್ಣದ ಚುಕ್ಕೆ, ಗಡಿಯಾರ, ಲೆಕ್ಕದ ಪುಸ್ತಕಗಳಿಂದ ನಡೆದ ವೀಕ್ಷಣೆಯಿಂದ. ರಾಣಿಯು ಸುಮ್ಮನೆ ಕೂರುವವಳೆಂದು ಮೊದಲು ಯಾರೂ ಕಾಣದೆ ಹೋಗಿದ್ದರೆ, ಆಕೆಯ ಮೈಯಲ್ಲಿ ಹುಡುಕಬೇಕಾದ ದ್ರವ್ಯವಾವುದೆಂದು ಯಾರಿಗೂ ಹೊಳೆಯುತ್ತಿರಲಿಲ್ಲ. ಪೋಲಿಸ್ಟಿಸ್ ಕಣಜದ ನಿಯಮವನ್ನು ಪುಸ್ತಕದಿಂದ ಎತ್ತಿ ನಮ್ಮ ಕಣಜಕ್ಕೆ ಹೊರಿಸಿದ್ದರೆ ತಪ್ಪು ತಪ್ಪಾಗಿಯೇ ಉಳಿಯುತ್ತಿತ್ತು.

ಅರಸೀಕೆರೆಯ ಸುತ್ತಣ ಒಣ ಬಯಲಿನ ಊರುಗಳಲ್ಲಿ ಮಳೆಗಾಲದ ಗೂಡಿಗೂ ಬೇಸಗೆಯ ಗೂಡಿಗೂ ಏನು ವ್ಯತ್ಯಾಸ, ಆಹಾರ ವಿರಳವಾದಾಗ ಕೂರುವವರೂ ಕಾದುವವರೂ ಎಷ್ಟೆಷ್ಟಾಗುತ್ತಾರೆ ಎಂಬಂತಹ ಪ್ರಶ್ನೆಗಳನ್ನು ಕೇಳುವುದಕ್ಕೆ ಬೆಂಗಳೂರಿಗೆ ಹೋಗಬೇಕಾಗಿಲ್ಲ. ಕೊಂಡಿಯ ಭಯವಿರುವುದರಿಂದ ಗೂಡಿಗೆ ಕೈಹಾಕದೆ, ತಕ್ಕ ದೂರದಲ್ಲಿ ಕುಳಿತು, ಅಧ್ಯಾಪಕರ ಮೇಲ್ವಿಚಾರಣೆಯಲ್ಲಿ ವಿದ್ಯಾರ್ಥಿಗಳು ಒಂದು ವರ್ಷದ ದಾಖಲೆಯನ್ನು ಇಟ್ಟರೂ ಅದು ವ್ಯರ್ಥವಾಗದು. ಕಾಲೇಜಿನ ಕಿಟಕಿಯಲ್ಲಿ ಗೂಡು ಕಂಡಾಗ ಅದನ್ನು ಕೆಡವಲು ಜವಾನನನ್ನು ಕಳುಹಿಸುವ ಮೊದಲು, ಒಬ್ಬ ವಿದ್ಯಾರ್ಥಿಯ ಕೈಗೆ ಬರೆಯುವ ಪುಸ್ತಕವನ್ನು ಕೊಟ್ಟು ಕಳುಹಿಸಬೇಕೆಂದು ನಮ್ಮ ಸಹೋದ್ಯೋಗಿಗಳಲ್ಲಿ ಪ್ರಾರ್ಥಿಸುತ್ತೇವೆ.